ರೋಲರ್ ಡರ್ಬಿ ಹೆಲ್ಮೆಟ್‌ಗೆ ಮನೆಯಲ್ಲೇ ಬಣ್ಣ: ಮೊದಲು ತಲೆ, ಆಮೇಲೆ ಚಿತ್ತಾರ

ಹೋದ ದಸರಾಗೆ ಅಕ್ಕನ ಮಗಳು ಪುಟ್ಟಿ ಮೆಲ್ಬರ್ನ್‌ನಿಂದ ಮೈಸೂರಿನ ಸರಸ್ವತಿಪುರದ ನಮ್ಮ ಮನೆಗೆ ಬಂದಾಗ, ಸೂಟ್‌ಕೇಸಿನಲ್ಲಿ ರೇಷ್ಮೆ ಸೀರೆಗಿಂತ ಜೋಪಾನವಾಗಿ ಟವೆಲ್ ಸುತ್ತಿ ತಂದಿದ್ದು ಒಂದು ಕಪ್ಪು ಹೆಲ್ಮೆಟ್. "ಚಿಕ್ಕಮ್ಮ, ಜಂಬೂಸವಾರಿ ಆನೆ ಮುಖಕ್ಕೆ ಬರೀತಾರಲ್ಲ, ಹಂಗೇ ಇದಕ್ಕೂ ಬರ್ಕೊಡು" ಅಂದಳು. ಅಲ್ಲಿ ಅವಳು ರೋಲರ್ ಡರ್ಬಿ ಆಡುತ್ತಾಳೆ. ನಾಲ್ಕು ಚಕ್ರದ ಸ್ಕೇಟ್ ಕಟ್ಟಿಕೊಂಡು, ಭುಜಕ್ಕೆ ಭುಜ ಕೊಟ್ಟು, ತಳ್ಳಿ, ಬಿದ್ದು, ಎದ್ದು ಆಡುವ ಆಟ.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟವಳು. ಕಾಗದ, ಗೋಡೆ, ಮಡಕೆ, ಸೀರೆ ಸೆರಗು, ಎಲ್ಲದರ ಮೇಲೂ ಬರೆದಿದ್ದೇನೆ. ಆದರೆ ಆ ಹೆಲ್ಮೆಟ್ಟನ್ನು ಕೈಗೆತ್ತಿಕೊಂಡ ಮೇಲೆ ಕುಂಚ ಮುಟ್ಟಲು ಒಂದು ವಾರ ಹಿಡಿಯಿತು. ಮಡಕೆಯ ಮೇಲಿನ ಚಿತ್ರ ಕೆಟ್ಟರೆ ಮಡಕೆ ಕೆಡುವುದಿಲ್ಲ. ಹೆಲ್ಮೆಟ್‌ಗೆ ತಪ್ಪು ಬಣ್ಣ ಹೊಡೆದರೆ ಹೊರಗೆ ಏನೂ ಕಾಣಿಸದೆ ಒಳಗೊಳಗೇ ಅದರ ಕಸುವು ಹೋಗಬಹುದು. ಕಸುವು ಹೋಗಿದೆ ಎಂದು ತಿಳಿಯುವುದು ಮಗು ಬಿದ್ದ ದಿನ. ಹಾಗಾಗಿ ಈ ಲೇಖನದಲ್ಲಿ ಬಣ್ಣದ ಮಾತಿಗಿಂತ ಮೊದಲು ಚಿಪ್ಪಿನ ಮಾತು ಬರುತ್ತದೆ. ಅವಸರದಲ್ಲಿದ್ದರೂ ಆ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಡರ್ಬಿ ಆಡದ, ಸಂಜೆ ಸ್ಕೇಟಿಂಗ್ ಕ್ಲಾಸಿಗೆ ಹೋಗುವ ನಮ್ಮೂರ ಮಕ್ಕಳ ಹೆಲ್ಮೆಟ್‌ಗೂ ಇದೇ ಕ್ರಮ ಹೊಂದುತ್ತದೆ.

ಆಟ ತಿಳಿದರೆ ಚಿತ್ರದ ಜಾಗ ತಿಳಿಯುತ್ತದೆ

ರೋಲರ್ ಡರ್ಬಿ ಹುಟ್ಟಿದ್ದು 1935ರಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಆಗ ಅದು ದಿನಗಟ್ಟಲೆ ಸುತ್ತು ಹಾಕುವ ಓಟವಾಗಿತ್ತು. ಈಗ ಹೆಣ್ಣುಮಕ್ಕಳು ತಾವೇ ತಂಡ ಕಟ್ಟಿಕೊಂಡು ಆಡುವ ರೂಪ ಮೊದಲಾದದ್ದು 2000ರ ದಶಕದ ಆರಂಭದಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಮೊಟ್ಟೆಯಾಕಾರದ ಟ್ರ್ಯಾಕಿನ ಮೇಲೆ ಒಂದು ಕಡೆಗೆ ಐವರು. ಅವರಲ್ಲಿ ಒಬ್ಬಳು ಜ್ಯಾಮರ್. ಎದುರು ತಂಡದವರನ್ನು ದಾಟಿ ದಾಟಿ ಅಂಕ ಗಳಿಸುವವಳು ಅವಳೊಬ್ಬಳೇ. ಉಳಿದವರು ಅವಳಿಗೆ ದಾರಿ ಮಾಡುತ್ತಾರೆ, ಎದುರಿನ ಜ್ಯಾಮರ್‌ಗೆ ದಾರಿ ಕಟ್ಟುತ್ತಾರೆ. ಜ್ಯಾಮ್ ಎನ್ನುವ ಒಂದೊಂದು ಸರದಿಗೆ ಹೆಚ್ಚೆಂದರೆ ಎರಡು ನಿಮಿಷ. ಇಡೀ ಆಟ 30 ನಿಮಿಷದ ಎರಡು ಭಾಗ.

ಬಣ್ಣ ಹಾಕುವವರಿಗೆ ಇದರಲ್ಲಿ ಬೇಕಾದ ವಿಷಯ ಒಂದಿದೆ. ಜ್ಯಾಮರ್ ಯಾರೆಂದು ಗೊತ್ತಾಗಲು ಅವಳ ಹೆಲ್ಮೆಟ್ ಮೇಲೆ ನಕ್ಷತ್ರವಿರುವ ಬಟ್ಟೆಯ ಟೋಪಿ ಹಾಕುತ್ತಾರೆ. ಪಿವಟ್ ಎನ್ನುವ ಆಟಗಾರ್ತಿಯ ಟೋಪಿಗೆ ನಡುವೆ ಪಟ್ಟೆ. ಆಟದ ನಡುವೆಯೇ ಜ್ಯಾಮರ್ ತನ್ನ ಟೋಪಿ ಕಿತ್ತು ಪಿವಟ್ ಕೈಗೆ ಕೊಟ್ಟು, ಜವಾಬ್ದಾರಿಯನ್ನೂ ಕೊಡಬಹುದು. ಓಡುತ್ತಲೇ ಕಿತ್ತು, ಓಡುತ್ತಲೇ ಹಾಕಿಕೊಳ್ಳಬೇಕು. ಇದರಿಂದ ಮೂರು ಮಾತು ಹೊರಡುತ್ತವೆ. ನೆತ್ತಿಯ ಭಾಗ ಬಹಳ ಹೊತ್ತು ಬಟ್ಟೆಯ ಕೆಳಗೇ ಇರುತ್ತದೆ, ಜೊತೆಗೆ ಉಜ್ಜಿ ಉಜ್ಜಿ ಬಣ್ಣ ಬೇಗ ಸವೆಯುವುದೂ ಅಲ್ಲೇ. ಹಾಗಾಗಿ ಒಳ್ಳೆಯ ಚಿತ್ರವನ್ನು ಕಿವಿಯ ಮೇಲಿನ ಎರಡು ಪಕ್ಕಕ್ಕೂ ಹಿಂದಲೆಗೂ ಇಟ್ಟುಕೊಳ್ಳಿ. ಎರಡನೆಯದು, ಬಟ್ಟೆ ಸಿಕ್ಕಿಕೊಳ್ಳುವಂಥ ಉಬ್ಬು ಏನೂ ಇರಕೂಡದು. ಕನ್ನಡಿ ಚೂರು, ಕುಂದಣ, ಮಣಿ, ಗ್ಲೂ ಗನ್ ಗೆರೆ ಯಾವುದೂ ಬೇಡ. ಬಿದ್ದಾಗ ಅಂಥ ಉಬ್ಬು ನೆಲಕ್ಕೆ ಕಚ್ಚಿಕೊಂಡು ಕತ್ತನ್ನೇ ತಿರುಗಿಸಬಹುದು, ಪಕ್ಕದವಳ ಕೈಗೂ ತಾಗಬಹುದು. ಮೂರನೆಯದು, ನೆತ್ತಿಯ ಮೇಲೆ ದೊಡ್ಡ ನಕ್ಷತ್ರವನ್ನಾಗಲಿ ಹಣೆಯಿಂದ ಹಿಂದಕ್ಕೆ ಹೋಗುವ ದಪ್ಪ ಪಟ್ಟೆಯನ್ನಾಗಲಿ ಬರೆಯಬೇಡಿ. ರೆಫರಿಗೆ ಗೊಂದಲವಾಗುತ್ತದೆ.

ಯಾವ ಹೆಲ್ಮೆಟ್‌ಗೆ ಬಣ್ಣ ಹಾಕಬಹುದು

ಮೊದಲು ಹೆಲ್ಮೆಟ್ ಜೊತೆ ಬಂದ ಪುಸ್ತಿಕೆ ಓದಿ. ಒಳಗೆ ಅಂಟಿಸಿರುವ ಚೀಟಿಯನ್ನೂ ಓದಿ. ಬಣ್ಣ, ಸ್ಟಿಕ್ಕರ್, ಅಂಟು ಯಾವುದನ್ನೂ ಹಾಕಬಾರದು ಎಂದು ಬಹಳ ಕಂಪನಿಗಳು ಬರೆದಿರುತ್ತವೆ. ಹಾಕಿದರೆ ವಾರಂಟಿ ಇಲ್ಲ ಎಂದೂ ಇರುತ್ತದೆ. ಬೇಡ ಎಂದಿದ್ದರೆ ಬೇಡವೇ. ಅಂಥ ಹೆಲ್ಮೆಟ್‌ಗೆ ಬೇರೆ ಉಪಾಯವಿದೆ, ಮುಂದೆ ಹೇಳುತ್ತೇನೆ. ಚೀಟಿಯಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಿ. ಸ್ಕೇಟಿಂಗ್‌ಗೆ ಹೊಂದುವ ಹೆಲ್ಮೆಟ್‌ಗಳ ಮೇಲೆ ಎಎಸ್‌ಟಿಎಂ ಎಫ್ 1492 ಅಥವಾ ಇಎನ್ 1078 ಎಂಬ ಗುರುತು ಇರುತ್ತದೆ. ನಮ್ಮ ಸ್ಕೂಟರ್ ಹೆಲ್ಮೆಟ್ ಮೇಲಿನ ಐಎಸ್‌ಐ ಗುರುತು ಐಎಸ್ 4151ರದ್ದು, ಅದರ ಲೆಕ್ಕವೇ ಬೇರೆ. ಸ್ಕೂಟರ್ ಹೆಲ್ಮೆಟ್‌ಗೆ ಮನೆಯಲ್ಲಿ ಬಣ್ಣ ಹಾಕುವುದನ್ನು ನಾನು ಹೇಳಿಕೊಡುತ್ತಿಲ್ಲ. ಯಾವ ಗುರುತೂ ಇಲ್ಲದ, ಒಳಗೆ ಬರೀ ಸ್ಪಾಂಜು ಇರುವ ಆಟಿಕೆ ಹೆಲ್ಮೆಟ್ ಆಗಿದ್ದರೆ ಬಣ್ಣದ ದುಡ್ಡನ್ನು ಒಳ್ಳೆಯ ಹೆಲ್ಮೆಟ್‌ಗೆ ಸೇರಿಸಿ.

ಇನ್ನು ಚಿಪ್ಪು. ದುಂಡಗೆ ಬೋಗುಣಿಯಂತಿದ್ದು, ತೂತು ಕಡಿಮೆ ಇದ್ದು, ಅಂಚು ದಪ್ಪವಾಗಿ ಬೆರಳಿಗೆ ಸಿಕ್ಕಿದರೆ ಅದು ಗಟ್ಟಿ ಚಿಪ್ಪಿನದು. ಸಾಮಾನ್ಯವಾಗಿ ಎಬಿಎಸ್ ಪ್ಲಾಸ್ಟಿಕ್. ಡರ್ಬಿಯವರು ಹೆಚ್ಚಾಗಿ ಹಾಕುವುದು ಇದನ್ನೇ, ಬಣ್ಣಕ್ಕೆ ಒಗ್ಗುವುದೂ ಇದೇ. ಸೈಕಲ್ ಹೆಲ್ಮೆಟ್‌ಗಳಂತೆ ಉದ್ದುದ್ದ ತೂತುಗಳಿದ್ದು, ಮೇಲಿನ ಪ್ಲಾಸ್ಟಿಕ್ ತೆಳ್ಳಗಿದ್ದು, ಒಳಗಿನ ಥರ್ಮೋಕೋಲಿಗೆ ಬೆಸೆದುಕೊಂಡಿದ್ದರೆ ಅದನ್ನು ಉಜ್ಜಲೂ ಬೇಡಿ, ಬಣ್ಣ ಹಾಕಲೂ ಬೇಡಿ.

ಬಣ್ಣ ಬೇಡವಾದ ಹೆಲ್ಮೆಟ್‌ಗೆ ಉಪಾಯ ಇದು: ಈಜುಡುಪಿಗೆ ಬಳಸುವ ಎಳೆದರೆ ಹಿಗ್ಗುವ ಲೈಕ್ರಾ ಬಟ್ಟೆ ತಂದು, ರವಿಕೆ ಹೊಲಿಯುವವರ ಹತ್ತಿರ ಹೆಲ್ಮೆಟ್ಟನ್ನೇ ಅಳತೆಗೆ ಕೊಟ್ಟು, ಅಂಚಿಗೆ ಎಲಾಸ್ಟಿಕ್ ಇಡಿಸಿ ಟೋಪಿ ಹೊಲಿಸಿ. ಅದರ ಮೇಲೆ ಬಟ್ಟೆಯ ಬಣ್ಣದಲ್ಲಿ ಏನು ಬೇಕಾದರೂ ಬರೆಯಬಹುದು. ಚಿಪ್ಪಿಗೆ ಏನೂ ಆಗುವುದಿಲ್ಲ.

ಥಿನ್ನರ್ ಯಾಕೆ ಬೇಡ

ಗಣಪತಿ ಹಬ್ಬದ ಪೆಂಡಾಲಿಗೆ ಥರ್ಮೋಕೋಲ್ ಮಂಟಪ ಮಾಡಿದವರಿಗೆ ಇದು ಗೊತ್ತು. ಥರ್ಮೋಕೋಲ್ ಮೇಲೆ ಸ್ಪ್ರೇ ಪೇಂಟ್ ಹೊಡೆದರೆ ಸುಟ್ಟ ಹಾಗೆ ಗುಳಿ ಬಿದ್ದು ಕರಗುತ್ತದೆ. ಬಹಳಷ್ಟು ಹೆಲ್ಮೆಟ್ ಒಳಗಿರುವುದು ಅದೇ ಜಾತಿಯ ವಸ್ತು, ಇನ್ನೂ ಒತ್ತೊತ್ತಾಗಿ ಮಾಡಿದ್ದು. ತಲೆ ನೆಲಕ್ಕೆ ಬಡಿದಾಗ ಅದರ ಸಣ್ಣ ಸಣ್ಣ ಗುಳಿಗೆಗಳು ಜಜ್ಜಿಹೋಗಿ ಪೆಟ್ಟನ್ನು ತಾವು ತಿನ್ನುತ್ತವೆ. ಥಿನ್ನರ್, ಪೆಟ್ರೋಲ್, ಟರ್ಪೆಂಟೈನ್, ಉಗುರು ಬಣ್ಣ ಅಳಿಸುವ ದ್ರಾವಣ, ಇವು ಅದಕ್ಕೆ ತಾಗಿದರೆ ಆ ಗುಳಿಗೆಗಳೇ ಹೋಗುತ್ತವೆ.

ಮೇಲಿನ ಚಿಪ್ಪಿಗೆ ಆಗುವ ಹಾನಿ ಇನ್ನೂ ಮೋಸದ್ದು. ಎಬಿಎಸ್ ಆಗಲಿ ಪಾಲಿಕಾರ್ಬೊನೇಟ್ ಆಗಲಿ, ಅಚ್ಚಿನಲ್ಲಿ ಎರಕ ಹೊಯ್ದಾಗ ಅದರೊಳಗೆ ಒಂದಿಷ್ಟು ಬಿಗಿತ ಉಳಿದುಕೊಂಡಿರುತ್ತದೆ. ಥಿನ್ನರಿನಂಥದು ಒಳಗೆ ಇಳಿದರೆ ಆ ಬಿಗಿತವಿದ್ದ ಕಡೆ ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಏಳುತ್ತದೆ. ಮೇಲೆ ಬಣ್ಣ ಬಿದ್ದ ಮೇಲಂತೂ ಕೇಳುವುದೇ ಬೇಡ, ಪೂರ್ತಿ ಮುಚ್ಚಿಹೋಗುತ್ತದೆ.

ನಾನು ಪ್ರಯೋಗಕ್ಕೆಂದು ಮನೆಯಲ್ಲಿ ಬಿದ್ದಿದ್ದ ಹಳೆಯ ಹೆಲ್ಮೆಟ್ ಒಂದನ್ನು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ ನೋಡಿದೆ. ಒಂದೇ ನಿಮಿಷಕ್ಕೆ ಹೊಳಪು ಹೋಗಿ, ಚಿಪ್ಪು ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟಿತು. ಅಂಚಿನಲ್ಲಿ ಒಳಗಿಳಿದ ಎರಡು ಹನಿ ಹೆಬ್ಬೆರಳು ಹಿಡಿಯುವಷ್ಟು ಗುಳಿ ಮಾಡಿತ್ತು. ಅದನ್ನು ಪುಟ್ಟಿಗೆ ತೋರಿಸಿದೆ. ಅವಳು ಏನೂ ಮಾತಾಡದೆ ತಾನು ಕೊಂಡು ತಂದಿದ್ದ ಸ್ಪ್ರೇ ಡಬ್ಬಿಯನ್ನು ಪಕ್ಕಕ್ಕಿಟ್ಟಳು.

ನಮ್ಮ ಮೈಸೂರಿಗೆ ಬಣ್ಣ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇವತ್ತಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಬರುವುದು ಅಲ್ಲಿಂದಲೇ. ಆದರೆ ಗೇಟು ಕಿಟಕಿಗೆ ಹೊಡೆಯುವ ಎನಾಮೆಲ್ ಯಾವ ಕಂಪನಿಯದಾದರೂ ಅದರೊಳಗೆ ಥಿನ್ನರಿನ ಬಳಗವೇ ಇರುತ್ತದೆ. ಹೆಲ್ಮೆಟ್‌ಗೆ ಬೇಕಿರುವುದು ನೀರಿನಲ್ಲಿ ಕಲಸುವ ಅಕ್ರಿಲಿಕ್ ಮಾತ್ರ. ಕುಂಚವನ್ನು ನಲ್ಲಿ ನೀರಿನಲ್ಲಿ ತೊಳೆಯಬಹುದಾದರೆ ಆ ಬಣ್ಣ ಆಗಬಹುದು, ತೊಳೆಯಲು ಬೇರೇನಾದರೂ ಬೇಕೆಂದರೆ ಆಗದು. ಅಂಗಡಿಯಲ್ಲಿ ಕೇಳಲು ಇಷ್ಟು ಪ್ರಶ್ನೆ ಸಾಕು.

ಏನೇನು ತರಬೇಕು

ಅಕ್ರಿಲಿಕ್ ಬಣ್ಣ ಕ್ಯಾಮೆಲ್, ಫೆವಿಕ್ರಿಲ್ ಹೆಸರಿನಲ್ಲಿ ಡ್ರಾಯಿಂಗ್ ಸಾಮಾನು ಇಟ್ಟಿರುವ ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ಮೈಬಣ್ಣಕ್ಕೆ 40-50 ಮಿ.ಲೀ. ಇದ್ದರೆ ಒಂದು ಹೆಲ್ಮೆಟ್ ಮುಗಿಯುತ್ತದೆ. ಚಿತ್ರದ ಬಣ್ಣಗಳು 15 ಮಿ.ಲೀ. ಪುಟ್ಟ ಬಾಟಲಿ ಒಂದೊಂದು ಸಾಕು. ಅಕ್ರಿಲಿಕ್ ಪ್ರೈಮರ್ ಬೇಕು, ಕಲಾವಿದರು ಕ್ಯಾನ್ವಾಸಿಗೆ ಹಚ್ಚುವ ಜೆಸ್ಸೊ ಆಗುತ್ತದೆ. ಮೇಲಿನ ಹೊದಿಕೆಗೆ ನೀರಿನ ಆಧಾರದ ಅಕ್ರಿಲಿಕ್ ವಾರ್ನಿಶ್. ಇಲ್ಲಿ ಎಚ್ಚರ ಬೇಕು. ಮರಕ್ಕೆ ಹೊಡೆಯುವ ವಾರ್ನಿಶ್ ಕೊಟ್ಟು ಇದೂ ಅದೇ ಎಂದು ಹೇಳುವವರಿದ್ದಾರೆ. ಡಬ್ಬಿಯ ಮೇಲೆ ಓದಿಯೇ ತನ್ನಿ. ಹಾರ್ಡ್‌ವೇರ್ ಅಂಗಡಿಯಿಂದ 600 ನಂಬರಿನ ವಾಟರ್ ಪೇಪರ್ (ನೀರಿನಲ್ಲಿ ಅದ್ದಿ ಉಜ್ಜುವ ಉಪ್ಪುಕಾಗದ) ಒಂದು ಹಾಳೆ, ಮಾಸ್ಕಿಂಗ್ ಟೇಪ್. ಅರ್ಧ ಇಂಚಿನ ಚಪ್ಪಟೆ ಕುಂಚ, 4 ಮತ್ತು 1 ನಂಬರಿನ ದುಂಡು ಕುಂಚ. ಪಾತ್ರೆ ತೊಳೆಯುವ ಹೊಸ ಸ್ಪಾಂಜಿನ ತುಂಡು. ದರ್ಜಿ ಟೇಪು, ನೂಲು, ಸೂಜಿ, ಸೀಮೆಸುಣ್ಣ ಮನೆಯಲ್ಲೇ ಇರುತ್ತವೆ.

ತೊಳೆದು, ಮುಚ್ಚಿ, ಮಂಕು ಮಾಡುವುದು

ವೆಲ್ಕ್ರೋದಲ್ಲಿ ಅಂಟಿರುವ ಮೆತ್ತೆಗಳನ್ನು ಬಿಡಿಸಿ, ಯಾವುದು ಎಲ್ಲಿತ್ತೆಂದು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಗದ್ದದ ಪಟ್ಟಿ ರಿವೆಟ್ಟಿನಲ್ಲಿ ಕೂತಿದ್ದರೆ ಅದನ್ನು ಬಿಚ್ಚಲು ಹೋಗಬೇಡಿ. ಒಮ್ಮೆ ಬಿಚ್ಚಿದ ರಿವೆಟ್ ಮೊದಲಿನಷ್ಟು ಗಟ್ಟಿ ಕೂರುವುದಿಲ್ಲ. ಪಟ್ಟಿಯನ್ನು ಒಳಗೆ ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ.

ಪಾತ್ರೆ ಸೋಪನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ, ಮೆತ್ತನೆಯ ಬಟ್ಟೆಯಲ್ಲಿ ಎರಡು ಸಲ ಒರೆಸಿ, ಬರೀ ನೀರಿನಲ್ಲಿ ಒರೆಸಿ, ಒಣಗಿಸಿ. ಹಳೆಯ ಸ್ಟಿಕ್ಕರ್ ಇದ್ದರೆ ಬೆಚ್ಚನೆಯ ಸೋಪು ನೀರಿನ ಬಟ್ಟೆಯನ್ನು ಅದರ ಮೇಲೆ ಅರ್ಧ ಗಂಟೆ ಹಾಸಿ, ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸಿ. ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮ ಮನೆಗಳಲ್ಲಿದೆ, ಇಲ್ಲಿ ಬೇಡ. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ, ಇಂಥ ಪ್ಲಾಸ್ಟಿಕ್ಕಿಗೆ ಎಣ್ಣೆಯೂ ಒಳ್ಳೆಯದಲ್ಲ. ಹೇರ್ ಡ್ರೈಯರ್ ಕೂಡ ಬೇಡ, ಥರ್ಮೋಕೋಲ್ ಬಿಸಿ ತಡೆಯುವುದಿಲ್ಲ.

ತೊಳೆದು ಒಣಗಿದ ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದು ಒಂದು ಸುತ್ತು ನೋಡಿ. ಬಿರುಕು, ತಗ್ಗು, ಒಳಗೆ ಒಡೆದ ಗೆರೆ ಏನಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ. ಒಡೆದದ್ದರ ಮೇಲೆ ಬಣ್ಣ ಹಾಕಿದರೆ ಇನ್ನು ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಒಳಭಾಗವನ್ನು ಪೂರ್ತಿ ಮುಚ್ಚಬೇಕು. ಹಳೆಯ ಪೇಪರ್ ಮುದುಡಿ ಒಳಗೆ ತುಂಬಿ, ಚಿಪ್ಪಿನ ಅಂಚಿಗೆ ಸುತ್ತಲೂ ಮಾಸ್ಕಿಂಗ್ ಟೇಪ್ ಹಾಕಿ. ಗಾಳಿಯ ತೂತುಗಳಿಗೂ ಒಳಗಿನಿಂದ ಟೇಪ್. ರಿವೆಟ್ ತಲೆಗಳಿಗೂ ಒಂದೊಂದು ದುಂಡು ಚೂರು. ಒಳಗಿನ ಗುರುತಿನ ಚೀಟಿಯ ಮೇಲೆ ಒಂದು ಹನಿಯೂ ಬೀಳಬಾರದು. ತಯಾರಾದ ತಿಂಗಳು, ಅಳತೆ, ಪರೀಕ್ಷೆಯ ಗುರುತು ಎಲ್ಲ ಇರುವುದು ಅದರಲ್ಲೇ, ಆಟಕ್ಕೆ ಮುಂಚೆ ಯಾರಾದರೂ ಕೇಳಿದರೆ ತೋರಿಸಬೇಕಾದದ್ದೂ ಅದನ್ನೇ.

ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಅಂಗೈ ಅಗಲದಲ್ಲಿ ಹಿಡಿದು, ಸುತ್ತು ಸುತ್ತಾಗಿ ಹಗುರವಾಗಿ ಆಡಿಸಿ. ಹೊಳಪು ಹೋಗಿ ಮಂಕಾದರೆ ಮುಗಿಯಿತು. ಪ್ಲಾಸ್ಟಿಕ್ ಕೆರೆಯುವುದು ನಮ್ಮ ಕೆಲಸವಲ್ಲ. ದೋಸೆ ಕಾವಲಿಗೆ ಈರುಳ್ಳಿ ಉಜ್ಜುವಷ್ಟು ಒತ್ತಡ ಸಾಕು. ಮತ್ತೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಮೈಬಣ್ಣ

ಹೆಲ್ಮೆಟ್ಟನ್ನು ನೆಲದ ಮೇಲಿಟ್ಟು ಬಣ್ಣ ಹಾಕಿದರೆ ಅಂಚು ಕೆಡುತ್ತದೆ. ಸಣ್ಣ ಬಿಂದಿಗೆಗೆ ಹಳೆಯ ಟವೆಲ್ ಸುತ್ತಿ ಅದರ ಮೇಲೆ ಕೂರಿಸಿ. ಬಿಂದಿಗೆ ತಿರುಗಿಸಿದರೆ ಹೆಲ್ಮೆಟ್ಟೂ ತಿರುಗುತ್ತದೆ, ಮುಟ್ಟುವ ಪ್ರಮೇಯವೇ ಇಲ್ಲ.

ಪ್ರೈಮರ್ ತೆಳ್ಳಗೆ ಎರಡು ಕೋಟು. ಮೊದಲನೆಯ ಕೋಟು ಸೊಟ್ಟಪಟ್ಟೆಯಾಗಿ, ಕೆಳಗಿನ ಕಪ್ಪು ಕಾಣುವ ಹಾಗೇ ಇರುತ್ತದೆ. ಅದನ್ನು ಅಲ್ಲೇ ಮುಚ್ಚಿಬಿಡೋಣ ಎಂದು ದಪ್ಪ ಹಚ್ಚಬೇಡಿ. ದಪ್ಪ ಬಣ್ಣ ಮೇಲೆ ಒಣಗಿ ಒಳಗೆ ಹಸಿಯಾಗಿರುತ್ತದೆ, ಮೊದಲ ಪೆಟ್ಟಿಗೇ ಸಿಪ್ಪೆಯಂತೆ ಏಳುತ್ತದೆ. ಒಂದು ಕೋಟು ಕೈಗೆ ಅಂಟದಷ್ಟು ಒಣಗಲು ಅರ್ಧ ಗಂಟೆ, ಮುಂದಿನದಕ್ಕೆ ಮುಂಚೆ ಒಂದೆರಡು ಗಂಟೆ ಬಿಡುವು ಕೊಟ್ಟರೆ ಒಳ್ಳೆಯದು. ಮೈಬಣ್ಣ ಮೂರು ಕೋಟು. ಕುಂಚಕ್ಕಿಂತ ಒದ್ದೆ ಹಿಂಡಿದ ಸ್ಪಾಂಜಿನ ತುಂಡಿನಲ್ಲಿ ತಟ್ಟುತ್ತಾ ಹೋದರೆ ಗೆರೆ ಬೀಳುವುದಿಲ್ಲ. ಒಂದು ಕೋಟು ಅಡ್ಡಡ್ಡ, ಮುಂದಿನದು ಉದ್ದುದ್ದ.

ಹವೆಯನ್ನೂ ನೋಡಿಕೊಳ್ಳಿ. ಮೈಸೂರಿನಲ್ಲಿ ಜೂನ್-ಜುಲೈ ಜಿಟಿಜಿಟಿ ಮಳೆಯಲ್ಲಿ ಅಕ್ರಿಲಿಕ್ ಒಣಗಲು ಎರಡರಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಏಪ್ರಿಲ್ ಬಿಸಿಲಲ್ಲಿ ಕುಂಚದ ತುದಿಯಲ್ಲೇ ಒಣಗುತ್ತದೆ. ಯಾವ ಕಾಲವಾದರೂ ಮಾಳಿಗೆಯ ಬಿಸಿಲಿಗೆ ಇಡಬೇಡಿ. ಕಿಟಕಿ ತೆರೆದ ಕೋಣೆಯ ನೆರಳೇ ಸರಿಯಾದ ಜಾಗ. ನಾವು ವಿಜಯದಶಮಿಗೆ ಎಂಟು ದಿನ ಇರುವಾಗ ಶುರು ಮಾಡಿದೆವು, ಹಜಾರದ ಕಿಟಕಿಯ ಪಕ್ಕ, ಗೊಂಬೆ ಕೂರಿಸಿದ್ದ ಮೆಟ್ಟಿಲ ಬದಿಯಲ್ಲಿ.

ಉಬ್ಬಿದ ಮೈ ಮೇಲೆ ಚಿತ್ರ ಕೂರಿಸುವುದು

ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಬರೆಯುವವರೂ ತಡವರಿಸುವುದು ಇಲ್ಲಿ. ಚಪ್ಪಟೆ ಚಿತ್ರವನ್ನು ದುಂಡು ಮೈಗೆ ಹೊದಿಸಿದರೆ ನಡುಭಾಗ ಹಿಗ್ಗಿ, ಅಂಚು ಸುಕ್ಕುಗಟ್ಟುತ್ತದೆ. ದಸರಾ ಆನೆಗಳ ಮುಖವನ್ನು ಹತ್ತಿರದಿಂದ ನೋಡಿ. ಹಣೆಯ ಎರಡು ಉಬ್ಬು, ನಡುವಿನ ತಗ್ಗು, ಸೊಂಡಿಲಿನ ಇಳಿಜಾರು, ಅಗಲ ಕಿವಿ. ಬರೆಯುವವರು ಚಿತ್ರವನ್ನು ಆನೆಯ ಮೇಲೆ ಹೇರುವುದಿಲ್ಲ. ಆನೆಯ ಮೈ ಎಲ್ಲಿ ತಿರುಗುತ್ತದೋ ಬಳ್ಳಿಯನ್ನೂ ಅಲ್ಲೇ ತಿರುಗಿಸುತ್ತಾರೆ. ಗಂಡಭೇರುಂಡ, ಶಂಖ ಚಕ್ರ, ಗಿಳಿ, ಹೂವು ಎಲ್ಲ ಆ ಮೈಯಿಂದಲೇ ಎದ್ದ ಹಾಗೆ ಕಾಣುವುದು ಅದಕ್ಕೇ. ಹೆಲ್ಮೆಟ್ಟನ್ನೂ ಹಾಗೇ ನೋಡಿದಾಗ ನಮಗೆ ಜಾಗ ಸಿಕ್ಕಿತು: ಎರಡು ಪಕ್ಕ ಆನೆಯ ಎರಡು ಕಿವಿ, ಅಲ್ಲಿ ಬಳ್ಳಿ ಮತ್ತು ಗಿಳಿ. ಹಿಂದಲೆಗೆ ಗಂಡಭೇರುಂಡ. ಎರಡು ತಲೆ ಎಡಕ್ಕೊಂದು ಬಲಕ್ಕೊಂದು ನೋಡುವುದರಿಂದ ನಡುಗೆರೆಯ ಮೇಲೆ ಅದಕ್ಕಿಂತ ಚೆನ್ನಾಗಿ ಕೂರುವ ಚಿತ್ರ ಇನ್ನೊಂದಿಲ್ಲ. ನೆತ್ತಿ ಖಾಲಿ.

ಪುಟ್ಟಿಗೆ ಮೊದಲು ಚಾಮುಂಡಿಯ ಮುಖವೇ ಬೇಕಿತ್ತು. "ಬೇಡ ಕಣೆ, ನೀನು ದಿನಕ್ಕೆ ಹತ್ತು ಸಲ ಬೀಳೋ ಆಟ. ಅಮ್ಮನವರ ಮುಖ ನೆಲಕ್ಕೆ ಉಜ್ಜೋದು ನನ್ನ ಕೈಲಿ ನೋಡಕ್ಕಾಗಲ್ಲ" ಅಂದೆ. ಅವಳು ಯೋಚನೆ ಮಾಡಿ, "ಹೆಸರು ಇರ್ಲಿ ಚಿಕ್ಕಮ್ಮ, ಮುಖ ಬೇಡ" ಅಂದಳು. ಡರ್ಬಿಯಲ್ಲಿ ಒಬ್ಬೊಬ್ಬರಿಗೂ ಆಟದ ಹೆಸರು ಒಂದಿರುತ್ತದೆ. ಅವಳದು ಚಂಡಿ. ಬಲಗಿವಿಯ ಮೇಲೆ ಕನ್ನಡ ಅಕ್ಷರದಲ್ಲಿ ಅದನ್ನು ಬರೆದೆವು.

ಮೊದಲು ನಡುಗೆರೆ ಹುಡುಕಬೇಕು. ಮುಂದಿನ ಅಂಚಿನ ಮಧ್ಯದಿಂದ ಹಿಂದಿನ ಅಂಚಿನ ಮಧ್ಯಕ್ಕೆ ನೂಲು ಎಳೆದು ಎರಡು ಕಡೆ ಟೇಪ್ ಹಾಕಿ. ನೂಲಿನಿಂದ ಎಡಕ್ಕೂ ಬಲಕ್ಕೂ ದರ್ಜಿ ಟೇಪಿನಲ್ಲಿ ಅಳೆದು, ಸೀಮೆಸುಣ್ಣದಲ್ಲಿ ಎರಡೆರಡು ಸೆಂಟಿಮೀಟರಿಗೆ ಚುಕ್ಕಿ ಇಡಿ. ರಂಗೋಲಿ ಬರುವವರಿಗೆ ಇನ್ನು ಹೇಳಬೇಕಾದ್ದಿಲ್ಲ. ಚುಕ್ಕಿ ಸರಿ ಇದ್ದರೆ ಎಳೆ ತಾನಾಗಿ ಸರಿ ಬರುತ್ತದೆ, ನೆಲ ಚಪ್ಪಟೆಯಿದ್ದರೇನು, ದುಂಡಗಿದ್ದರೇನು.

ಚಿತ್ರವನ್ನು ತೆಳು ಕಾಗದದ ಮೇಲೆ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಒತ್ತೊತ್ತಾಗಿ ತೂತು ಚುಚ್ಚಿ. ಕಾಗದದ ಅಂಚಿನಿಂದ ಒಳಕ್ಕೆ ನಾಲ್ಕೈದು ಕಡೆ ಸೀಳಿ, ರವಿಕೆಗೆ ಟಕ್ಸ್ ಹಿಡಿಯುವ ಹಾಗೆ ಸ್ವಲ್ಪ ಸ್ವಲ್ಪ ಮೇಲೇರಿಸಿದರೆ ಅದು ದುಂಡು ಮೈಗೆ ಕೂರುತ್ತದೆ. ಸೀಳು ಚಿತ್ರದ ಮುಖ್ಯ ಗೆರೆಗೆ ಅಡ್ಡ ಬರದಂತೆ ನೋಡಿಕೊಳ್ಳಿ. ಟೇಪಿನಲ್ಲಿ ಹಿಡಿಸಿ, ಸೀಮೆಸುಣ್ಣದ ಪುಡಿಯನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ತೂತುಗಳ ಮೇಲೆ ಮೆತ್ತಗೆ ತಟ್ಟಿ. ಕಾಗದ ಎತ್ತಿದರೆ ಚುಕ್ಕಿ ಚುಕ್ಕಿಯಾಗಿ ಚಿತ್ರ ಇಳಿದಿರುತ್ತದೆ. ತಿಳಿ ಮೈಬಣ್ಣವಿದ್ದರೆ ಸುಣ್ಣದ ಬದಲು ಇದ್ದಿಲ ಪುಡಿ. ಇನ್ನೊಂದು ಪಕ್ಕಕ್ಕೆ ಅದೇ ಕಾಗದವನ್ನು ಮಗುಚಿ ಹಾಕಿ, ಎರಡು ಗಿಳಿಯೂ ಎದುರುಬದುರು ನಿಲ್ಲುತ್ತವೆ. ಪೆನ್ಸಿಲ್ ಕಾರ್ಬನ್ನಿಗಿಂತ ನನಗೆ ಈ ಪುಡಿಯ ದಾರಿಯೇ ಹಿತ. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ತಟ್ಟಬಹುದು.

ಇದಕ್ಕೆ ಮುಂಚೆ ಕುಂಬಾರರ ಸಣ್ಣ ಮಡಕೆಯ ಮೇಲೆ ಒಂದು ಸಲ ಕೈ ಪಳಗಿಸಿಕೊಳ್ಳಿ. ಒಂದು ಸಂಜೆ ಹೋಗುತ್ತದೆ, ಆದರೆ ಹೆಲ್ಮೆಟ್ ಮುಂದೆ ಕೂತಾಗ ಕೈ ನಡುಗುವುದಿಲ್ಲ.

ಬಣ್ಣ ತುಂಬುವುದು

ದೊಡ್ಡ ಬಣ್ಣ ಮೊದಲು, ಸಣ್ಣ ಗೆರೆ ಕೊನೆಗೆ. ಎಲೆ, ಗಿಳಿಯ ಮೈ, ಹೂವಿನ ದಳ ತುಂಬಿ, ಒಣಗಿದ ಮೇಲೆ ನರ, ಕಣ್ಣು, ಅಂಚಿನ ಗೆರೆ. ಕಪ್ಪು ಮೈ ಮೇಲೆ ಹಳದಿ, ಕೆಂಪು ನೇರವಾಗಿ ಹಾಕಿದರೆ ಕೊಳೆತ ಹಣ್ಣಿನ ಬಣ್ಣ ಬರುತ್ತದೆ. ಆ ಜಾಗಕ್ಕಷ್ಟೇ ಮೊದಲು ಬಿಳಿ ಒಂದು ಕೋಟು ಹಾಕಿ.

ಮೈಸೂರು ಶೈಲಿಯ ಚಿತ್ರಗಳಲ್ಲಿ ಜೆಸ್ಸೊ ಉಬ್ಬು ಮಾಡಿ ಚಿನ್ನದ ರೇಕು ಹಚ್ಚುತ್ತಾರೆ. ಉಬ್ಬು ಇಲ್ಲಿ ಬೇಡವೆಂದು ಆಗಲೇ ಹೇಳಿದೆ. ಆದರೆ ಆ ಹೊಳಪಿನ ಆಸೆ ನನಗೂ ಬಿಡಲಿಲ್ಲ. ಚಿನ್ನದ ಬಣ್ಣದ ಅಕ್ರಿಲಿಕ್ ಸಿಗುತ್ತದೆ, ಅದನ್ನು ಒಂದೇ ಹಾಕಿದರೆ ತೆಳ್ಳಗೆ, ಹಿತ್ತಾಳೆಗೆ ಕಿಲುಬು ಹಿಡಿದಂತೆ ಕಾಣುತ್ತದೆ. ಕೆಳಗೆ ಕಾವಿ ಹಳದಿ ಒಂದು ಕೋಟು ಕೊಟ್ಟು, ಮೇಲೆ ಚಿನ್ನ ಎರಡು ಕೋಟು ಹಾಕಿದರೆ ತುಂಬಿಕೊಳ್ಳುತ್ತದೆ. ಗಂಡಭೇರುಂಡದ ರೆಕ್ಕೆಗೆ ಹೀಗೇ ಮಾಡಿದೆವು.

ನೇರ ಅಂಚಿನ ಪಟ್ಟಿ ಬೇಕಾದರೆ ಟೇಪ್ ಹಾಕಿ, ಅದರ ಅಂಚಿಗೆ ಮೊದಲು ಮೈಬಣ್ಣವನ್ನೇ ಒಂದು ಕೋಟು ತಟ್ಟಿ. ಸಂದಿಯಲ್ಲಿ ಇಳಿಯುವುದೆಲ್ಲ ಮೈಬಣ್ಣವೇ ಆಗಿ, ಮೇಲಿನ ಬಣ್ಣ ಸೋರುವುದಿಲ್ಲ. ಬಣ್ಣ ಕೈಗೆ ಅಂಟದಷ್ಟು ಆರಿದ ಕೂಡಲೇ ಟೇಪನ್ನು ತನ್ನ ಮೇಲೆಯೇ ಮಡಚಿಕೊಂಡು ನಿಧಾನಕ್ಕೆ ಎಳೆಯಿರಿ. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಎಳೆದರೆ ಟೇಪಿನ ಜೊತೆ ಬಣ್ಣವೂ ಬರುತ್ತದೆ.

ಅಕ್ಷರ ದಪ್ಪಗಿರಲಿ, ಹತ್ತು ಹೆಜ್ಜೆ ದೂರದಿಂದ ಓದಲು ಆಗಬೇಕು. ನಮ್ಮ ಅಕ್ಷರಗಳ ದುಂಡು ಹೆಲ್ಮೆಟ್ ದುಂಡಿಗೆ ಬಹಳ ಚೆನ್ನಾಗಿ ಹೊಂದುತ್ತದೆ. 'ಚಂಡಿ' ಬರೆದು ಮುಗಿಸಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಾರ್ಕರ್ ಪೆನ್ನು ಬಳಸುವುದಾದರೆ ನೀರಿನ ಆಧಾರದ ಅಕ್ರಿಲಿಕ್ ಪೆನ್ನೇ ಆಗಿರಲಿ, ವಾಸನೆ ಹೊಡೆಯುವ ಪರ್ಮನೆಂಟ್ ಮಾರ್ಕರ್ ಬೇಡ.

ವಾರ್ನಿಶ್ ಮತ್ತು ಕಾಯುವುದು

ಚಿತ್ರ ಮುಗಿದ ಮೇಲೆ ಪೂರ್ತಿ ಒಂದು ದಿನ ಬಿಡಿ. ಉಳಿದ ಸುಣ್ಣದ ಪುಡಿಯನ್ನು ಒಣ ಕುಂಚದಲ್ಲಿ ಗುಡಿಸಿ. ನೀರಿನ ವಾರ್ನಿಶ್ ತೆಳ್ಳಗೆ ಮೂರು ಕೋಟು, ಒಂದೊಂದರ ನಡುವೆ ಮೂರು ನಾಲ್ಕು ಗಂಟೆ. ನೆತ್ತಿಗೆ ಮಾತ್ರ ಇನ್ನೊಂದು ಕೋಟು ಹೆಚ್ಚು, ಟೋಪಿ ಉಜ್ಜುವುದು ಅಲ್ಲೇ. ವಾರ್ನಿಶ್ ಕಲಕುವಾಗ ಬಾಟಲಿ ಕುಲುಕಬೇಡಿ, ಗುಳ್ಳೆ ಏಳುತ್ತವೆ. ಕಡ್ಡಿಯಲ್ಲಿ ಮೆಲ್ಲಗೆ ತಿರುಗಿಸಿ. ಹೊಳಪಿನದಕ್ಕಿಂತ ಸ್ಯಾಟಿನ್ ಎನ್ನುವ ಅರೆಹೊಳಪಿನದು ನನಗೆ ಇಷ್ಟ, ಗೀರು ಅಷ್ಟಾಗಿ ಕಾಣುವುದಿಲ್ಲ.

ಮುಟ್ಟಿದರೆ ಒಣಗಿದಂತಿದ್ದರೂ ಅಕ್ರಿಲಿಕ್ ಒಳಗೆ ಗಟ್ಟಿಯಾಗಲು ದಿನ ಬೇಕು. ಏಳು ದಿನ ಮುಟ್ಟಬೇಡಿ, ಮಳೆಗಾಲವಾದರೆ ಹತ್ತು. ಪುಟ್ಟಿಗೆ ಅಷ್ಟು ದಿನ ಕಾಯುವುದೇ ದೊಡ್ಡ ಕಷ್ಟವಾಗಿತ್ತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಬಂದು ಕೂರುತ್ತಿದ್ದಳು.

ಆಮೇಲೆ ಟೇಪ್, ಪೇಪರ್ ತೆಗೆದು, ಫೋಟೊ ನೋಡಿಕೊಂಡು ಮೆತ್ತೆಗಳನ್ನು ಅದರದರ ಜಾಗಕ್ಕೆ ಕೂರಿಸಿ. ತಲೆಗೆ ಹಾಕಿ ನೋಡಿ. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ಹಿಂದಕ್ಕೆ ಜಾರಿ ಹಣೆಯೆಲ್ಲ ಬಯಲಾಗಿರಬಾರದು. ಗದ್ದದ ಪಟ್ಟಿಯ ಸಂದಿಯಲ್ಲಿ ಎರಡು ಬೆರಳಿಗಿಂತ ಹೆಚ್ಚು ತೂರಬಾರದು. ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಯೇ ಬರಬೇಕು. ಬಕಲ್ ಒಳಗೆ ಬಣ್ಣ ಹೋಗಿದೆಯೇ ಎಂದು ನಾಲ್ಕು ಸಲ ಹಾಕಿ ತೆಗೆದು ನೋಡಿ.

ಆಟ ಶುರುವಾದ ಮೇಲೆ

ಗೀರು ಬೀಳುತ್ತವೆ, ಬೀಳಲಿ. ಮೈಬಣ್ಣವನ್ನು ಪುಟ್ಟ ಡಬ್ಬಿಯಲ್ಲಿ ಒಂದಿಷ್ಟು ಉಳಿಸಿಟ್ಟುಕೊಂಡರೆ ತಿಂಗಳಿಗೊಮ್ಮೆ ತಟ್ಟಬಹುದು. ಬೆವರಿನ ವಾಸನೆ ಬಂದರೆ ಮೆತ್ತೆಗಳನ್ನು ಮಾತ್ರ ಬಿಡಿಸಿ ತೊಳೆಯಿರಿ. ಚಿಪ್ಪಿಗೆ ಒದ್ದೆ ಬಟ್ಟೆ ಸಾಕು. ಹೊಸ ವಾರ್ನಿಶ್‌ಗೆ ಪ್ಲಾಸ್ಟಿಕ್ ಕವರ್ ಅಂಟಿಕೊಳ್ಳುತ್ತದೆ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಯಾವತ್ತೂ ಬಿಟ್ಟು ಹೋಗಬೇಡಿ.

ತಲೆ ಜೋರಾಗಿ ಬಡಿದರೆ ಹೆಲ್ಮೆಟ್ ಕೆಲಸ ಮುಗಿದ ಹಾಗೆ ಎಂದು ತಿಳಿಯಿರಿ. ಜಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ. ಹಲವು ಪೆಟ್ಟು ತಡೆಯುವ ಫೋಮಿನ ಹೆಲ್ಮೆಟ್‌ಗಳೂ ಇವೆ, ಅವಕ್ಕೂ ದೊಡ್ಡ ಪೆಟ್ಟು ಬಿದ್ದರೆ ಒಳಗೆ ಹೊರಗೆ ಪರೀಕ್ಷೆ ಮಾಡಲೇಬೇಕು. ಬಿರುಕು ಬಿಡದಿದ್ದರೂ ಐದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದು ಬೇಡ, ಕಂಪನಿಯವರು ಅದಕ್ಕೂ ಮುಂಚೆ ಬದಲಿಸಿ ಎಂದಿದ್ದರೆ ಅವರ ಮಾತಿನಂತೆ. ಇಲ್ಲಿ ಬಣ್ಣವೇ ಅಡ್ಡ ಬರುತ್ತದೆ. ಇಷ್ಟು ಕಷ್ಟಪಟ್ಟು ಬರೆದದ್ದಲ್ಲವಾ, ಇನ್ನೊಂದು ಆಟ ಆಡೋಣ ಅನ್ನಿಸುತ್ತದೆ. ಅದಕ್ಕೇ ಚಿ‍ತ್ರವನ್ನು ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ, ಯಾವ ಬಣ್ಣಕ್ಕೆ ಯಾವುದು ಬೆರೆಸಿದಿರಿ ಎಂದು ಬರೆದಿಡಿ, ತೂತು ಚುಚ್ಚಿದ ಕಾಗದಗಳನ್ನು ಎಸೆಯಬೇಡಿ. ಪುಟ್ಟಿಯ ಗಿಳಿಯೂ ಗಂಡಭೇರುಂಡವೂ ನಮ್ಮ ಗೊಂಬೆ ಪೆಟ್ಟಿಗೆಯಲ್ಲಿ, ಪಟ್ಟದ ಗೊಂಬೆಗಳ ಪಕ್ಕದಲ್ಲಿ ಮಡಚಿಟ್ಟಿವೆ. ಅವಳು ಮುಂದಿನ ಹೆಲ್ಮೆಟ್ ತಂದ ದಿನ ಸುಣ್ಣದ ಗಂಟು ತಟ್ಟಿದರಾಯಿತು.